ತಿಂಗಳ ಸಂಬಳ ಮತ್ತು ಸಾಂಬಾ: ಇವೊನಿ ಲಾರಾ ಬದುಕಿದ ಬಗೆ

ರಿಯೊ ಡಿ ಜನೈರೊ ನಗರದ ಎಂಜೆನ್ಯೊ ಡಿ ದೆಂತ್ರೊ ಬಡಾವಣೆಯಲ್ಲಿದ್ದ ಸರ್ಕಾರಿ ಮನೋರೋಗ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಒಬ್ಬ ಮಹಿಳೆ ತಮ್ಮ ವಾರ್ಷಿಕ ರಜೆಯನ್ನು ಕಾರ್ನಿವಲ್ ಹಬ್ಬದ ದಿನಗಳಿಗೇ ಹೊಂದಿಸಿಕೊಳ್ಳುತ್ತಿದ್ದರು. ಹಬ್ಬ ಮುಗಿದ ಮೇಲೆ ಮತ್ತೆ ಅದೇ ವಾರ್ಡು, ಅದೇ ರೋಗಿಗಳು, ರೋಗಿಗಳ ಮನೆಯವರನ್ನು ಹುಡುಕಿಕೊಂಡು ಹೋಗುವ ಅದೇ ಅಲೆದಾಟ. 1977ರಲ್ಲಿ ನಿವೃತ್ತರಾಗುವವರೆಗೂ ಅವರು ಈ ಕ್ರಮ ಬಿಡಲಿಲ್ಲ. ಅವರ ಹೆಸರು ಇವೊನಿ ಲಾರಾ. ಬ್ರೆಜಿಲ್‌ನ ಜನ ಇಂದು ಅವರನ್ನು ದೋನಾ ಇವೊನಿ ಲಾರಾ ಎಂದು, ಸಾಂಬಾ ಸಂಗೀತದ ಹಿರಿಯಮ್ಮ ಎಂದು ನೆನೆಯುತ್ತಾರೆ.

ಅವರ ಕತೆಯನ್ನು ಹೇಳುವವರು ಬಹುಪಾಲು ಮರುಕದ ಧಾಟಿಯಲ್ಲೇ ಹೇಳುತ್ತಾರೆ. ಇಂಥ ಪ್ರತಿಭೆ ಐವತ್ತೈದು ದಾಟುವ ತನಕ ಆಸ್ಪತ್ರೆಯ ಗೋಡೆಗಳ ನಡುವೆ ಉಳಿದುಬಿಟ್ಟಿತಲ್ಲ, ಮೊದಲ ಸ್ವಂತ ಆಲ್ಬಮ್ ಬರಲು 1978ರವರೆಗೆ ಕಾಯಬೇಕಾಯಿತಲ್ಲ ಎಂಬ ಹಳಹಳಿಕೆ ಅದು. ಕರಿಯ ಹೆಣ್ಣುಮಗಳೊಬ್ಬಳ ಹಾಡಿಗೆ ಅವಳದೇ ಹೆಸರು ಹಾಕಲು ಆ ಕಾಲ ಒಪ್ಪಲಿಲ್ಲ ಎಂಬುದು ನಿಜ, ಆ ಅನ್ಯಾಯವನ್ನು ಯಾರೂ ಸಣ್ಣದು ಮಾಡಬಾರದು. ಆದರೆ ಆಸ್ಪತ್ರೆಯ ವರ್ಷಗಳನ್ನು ನಷ್ಟದ ಲೆಕ್ಕಕ್ಕೆ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ತಿಂಗಳಿಗೊಮ್ಮೆ ಕೈಸೇರುತ್ತಿದ್ದ ಆ ಸಂಬಳವೇ ಅವರ ಹಾಡುಗಳನ್ನು ಮಾರಾಟವಾಗದಂತೆ ಕಾಯ್ದಿತು, ಆ ಕೆಲಸವೇ ಅವರ ರಾಗಗಳಿಗೆ ಅವುಗಳ ತಾಳ್ಮೆಯನ್ನು ಕೊಟ್ಟಿತು ಎಂದು ನಾನು ನಂಬಿದ್ದೇನೆ. ನನ್ನ ತಾಯಿಯೂ ನರ್ಸ್ ಆಗಿದ್ದವರು. ರಾತ್ರಿ ಪಾಳಿ ಮುಗಿಸಿ ಬಂದು, ಒಲೆಯ ಮುಂದೆ ನಿಂತು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಇವೊನಿ ಲಾರಾ ನನಗೆ ಇಷ್ಟು ಹತ್ತಿರದವರಾಗಲು ಅದೂ ಒಂದು ಕಾರಣವಿರಬಹುದು.

ಮಾರಾಟ ಎಂದೆ. ಅದು ಅಲಂಕಾರದ ಮಾತಲ್ಲ. ಇಪ್ಪತ್ತು ಮೂವತ್ತರ ದಶಕಗಳ ರಿಯೊದಲ್ಲಿ ಸಾಂಬಾ ಕಟ್ಟುತ್ತಿದ್ದವರು ಗುಡ್ಡದ ಮೇಲಿನ ಕೇರಿಗಳ ಬಡವರು, ಅದನ್ನು ಧ್ವನಿಮುದ್ರಿಸಿ ಹೆಸರು ಹಣ ಎರಡನ್ನೂ ಗಳಿಸುತ್ತಿದ್ದವರು ರೇಡಿಯೊದ ಗಾಯಕರು. ಆ ಕಾಲದ ಅತಿ ಜನಪ್ರಿಯ ಗಾಯಕ ಫ್ರಾನ್ಸಿಸ್ಕೊ ಆಲ್ವೆಸ್ ಇಂಥ ಹಾಡುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಸಾಂಬಾ ಕಟ್ಟುತ್ತಿದ್ದ ಇಸ್ಮಾಯೆಲ್ ಸಿಲ್ವಾ ತಮ್ಮ ಹಾಡುಗಳನ್ನು ಆಲ್ವೆಸ್‌ಗೆ ಮಾರಿದರು, ಮಂಗೇರಾ ಗುಡ್ಡದ ಕಾರ್ತೋಲಾ ಕೂಡ ಮಾರಿದರು. ಅದೇ ಕಾರ್ತೋಲಾ ಮುಂದೆ ಎಲ್ಲರ ಕಣ್ಣಿನಿಂದ ಮರೆಯಾಗಿ, ಐವತ್ತರ ದಶಕದಲ್ಲಿ ಇಪನೇಮಾದಲ್ಲಿ ಕಾರು ತೊಳೆಯುತ್ತಿದ್ದಾಗ ಒಬ್ಬ ಪತ್ರಕರ್ತನ ಕಣ್ಣಿಗೆ ಬಿದ್ದರು. ಅವರ ಮೊದಲ ಆಲ್ಬಮ್ 1974ರಲ್ಲಿ ಬಂದಾಗ ಅವರಿಗೆ ಅರವತ್ತೈದು ದಾಟಿತ್ತು. ಹಾಡನ್ನೇ ನೆಚ್ಚಿ ಬದುಕಲು ಹೊರಟ ದೊಡ್ಡ ದೊಡ್ಡ ಪ್ರತಿಭೆಗಳಿಗೆ ಆದ ಗತಿ ಇದು. ಇವೊನಿ ಲಾರಾ ನೌಕರಿ ಹಿಡಿದದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ಅವರು ಹುಟ್ಟಿದ್ದು ಏಪ್ರಿಲ್ 13ರಂದು, ರಿಯೊದ ಬೊಟಫೋಗೊದಲ್ಲಿ. ದಾಖಲೆಯಲ್ಲಿ 1921 ಎಂದಿದೆ. ಆದರೆ ವಸತಿ ಶಾಲೆಗೆ ಸೇರಿಸುವ ಸಲುವಾಗಿ ತಾಯಿ ಮಗಳ ವಯಸ್ಸನ್ನು ಒಂದು ವರ್ಷ ಏರಿಸಿ ಬರೆಸಿದ್ದರೆಂದೂ, ನಿಜವಾದ ವರ್ಷ 1922 ಎಂದೂ ಅವರ ಜೀವನವನ್ನು ಬರೆದವರು ಹೇಳುತ್ತಾರೆ. ತಂದೆ ಏಳು ತಂತಿಯ ಗಿಟಾರ್ ನುಡಿಸುತ್ತಿದ್ದರು, ತಾಯಿ ಕಾರ್ನಿವಲ್ ಮೆರವಣಿಗೆಯ ತಂಡಗಳಲ್ಲಿ ಹಾಡುತ್ತಿದ್ದರು. ಮಗು ಮೂರರ ಆಸುಪಾಸಿನಲ್ಲಿದ್ದಾಗಲೇ ತಂದೆ ತೀರಿಕೊಂಡರು, ಹರೆಯ ಕಳೆಯುವ ಮುನ್ನವೇ ತಾಯಿಯೂ ಇಲ್ಲವಾದರು.

ಟಿಜೂಕಾದ ಆ ವಸತಿ ಶಾಲೆಯಲ್ಲಿ ಸಂಗೀತ ಕಲಿಸಲು ಇಬ್ಬರು ಅಧ್ಯಾಪಕಿಯರಿದ್ದರು. ಒಬ್ಬರು ಸಂಗೀತ ರಚನೆಕಾರ ಹೇಯ್ಟರ್ ವಿಲ್ಲಾ-ಲೋಬೋಸ್ ಅವರ ಪತ್ನಿ ಲೂಸಿಲಿಯಾ. ಇನ್ನೊಬ್ಬರು ಗಾಯಕಿ ಝೈರಾ ಡಿ ಒಲಿವೇರಾ. ಸಾಂಬಾ ಎಂಬ ಹೆಸರು ಹೊತ್ತು ಮೊದಲು ಪ್ರಸಿದ್ಧವಾದ ಧ್ವನಿಮುದ್ರಿಕೆ 1917ರದು, ಅದನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದ ಡೋಂಗಾ ಅವರ ಪತ್ನಿ ಈ ಝೈರಾ. ಹೀಗೆ ಒಂದೇ ತರಗತಿಯ ಒಂದು ಬದಿಯಲ್ಲಿ ಶಾಸ್ತ್ರೀಯ ಸಂಗೀತದ ಮನೆ, ಇನ್ನೊಂದು ಬದಿಯಲ್ಲಿ ಸಾಂಬಾದ ಮನೆ. ಹುಡುಗಿ ವಿಲ್ಲಾ-ಲೋಬೋಸ್ ನಿರ್ದೇಶನದ ವೃಂದಗಾನದಲ್ಲಿ ರೇಡಿಯೊದಲ್ಲೂ ಹಾಡಿದಳು. ಹತ್ತಾರು ಕಂಠಗಳ ನಡುವೆ ನಿಂತು, ಪಕ್ಕದವರ ದನಿಗೆ ಕಿವಿಗೊಟ್ಟು, ಅದಕ್ಕೆ ಹೊಂದುವ ಬೇರೆ ಸ್ವರವನ್ನು ಹಿಡಿದು ನಿಲ್ಲುವ ಅಭ್ಯಾಸ ಅಲ್ಲಿ ಆಯಿತು. ರಜೆಗೆ ಹೋದಾಗ ಚಿಕ್ಕದೊಂದು ನಾಲ್ಕು ತಂತಿಯ ವಾದ್ಯವಾದ ಕವಾಕೀನ್ಯೊವನ್ನು ಮಾವ ದಿಯೊನೀಸಿಯೊ ಕಲಿಸಿದರು. ಸಾಂಬಾದ ಲಯವನ್ನೂ ಸ್ವರಸಂಗತಿಯನ್ನೂ ಒಟ್ಟಿಗೆ ಹೊತ್ತು ಓಡುವ ವಾದ್ಯ ಅದು. ಅದನ್ನು ಹೆಣ್ಣುಮಕ್ಕಳು ಹಿಡಿಯುವುದು ಆಗ ಅಪರೂಪ.

ಮೊದಲ ಹಾಡು ಹುಟ್ಟಿದ್ದು ಹನ್ನೆರಡರ ವಯಸ್ಸಿಗೆ. ಆಡಲು ಗೊಂಬೆಯಿಲ್ಲದ ಹುಡುಗಿಗೆ ಸೋದರ ಸಂಬಂಧಿಗಳಾದ ಫುಲೇರೊ ಮತ್ತು ಹೇಲಿಯೊ ಒಂದು ಹಕ್ಕಿಯನ್ನು ತಂದುಕೊಟ್ಟರು. ಅಟ್ಲಾಂಟಿಕ್ ಕರಾವಳಿಯ ಕಾಡುಗಳಲ್ಲಿ ಸಿಗುವ, ರಕ್ತಗೆಂಪು ಮೈಯ ತಿಯೆ ಹಕ್ಕಿ. ಅದನ್ನೇ ಕರೆಯುತ್ತ ಮೂವರು ಸೇರಿ ಹಾಡು ಕಟ್ಟಿದರು. ಆ ಹಾಡಿನೊಳಗೆ ಅಜ್ಜಿಯ ಬಾಯಲ್ಲಿ ಕೇಳುತ್ತಿದ್ದ ಆಫ್ರಿಕಾ ಮೂಲದ ಉದ್ಗಾರವೊಂದು ಸೇರಿಕೊಂಡಿತು. ಗುಲಾಮಗಿರಿ ಬ್ರೆಜಿಲ್‌ನಲ್ಲಿ ಕಾನೂನಿನಿಂದ ಕೊನೆಗೊಂಡದ್ದು 1888ರಲ್ಲಿ, ಅಂದರೆ ಆ ಅಜ್ಜಿಯ ಕಾಲಕ್ಕೆ ತೀರ ಹತ್ತಿರದಲ್ಲಿ. ದೊಡ್ಡವರಾದ ಮೇಲೂ ಇವೊನಿ ಈ ಮಕ್ಕಳ ಹಾಡನ್ನು ವೇದಿಕೆಗಳಲ್ಲಿ ಬಿಡದೆ ಹಾಡಿದರು.

ಶಾಲೆ ಬಿಟ್ಟ ಮೇಲೆ ಹೊಟ್ಟೆಪಾಡಿನ ಪ್ರಶ್ನೆ. ಅವರು ನರ್ಸಿಂಗ್ ಶಾಲೆಗೆ ಸೇರಿದರು, ಮುಂದೆ ಸಮಾಜಸೇವೆಯ ತರಬೇತಿಯನ್ನೂ ಪಡೆದರು. ಬೇರೆಯವರ ಮನೆಯ ಅಡುಗೆ, ಬಟ್ಟೆ ಒಗೆತ, ಇಲ್ಲವೇ ಕಾರ್ಖಾನೆ ಇಷ್ಟೇ ದಾರಿಗಳು ಎಂದು ಬಡ ಕರಿಯ ಹೆಣ್ಣುಮಕ್ಕಳಿಗೆ ಸಮಾಜ ತೀರ್ಮಾನಿಸಿಟ್ಟಿದ್ದ ಕಾಲದಲ್ಲಿ ಸರ್ಕಾರಿ ನೌಕರಿ, ಪಿಂಚಣಿ ಇವು ಸಣ್ಣ ಗಳಿಕೆಯಲ್ಲ.

ಎಂಜೆನ್ಯೊ ಡಿ ದೆಂತ್ರೊದಲ್ಲಿ ಅವರು ಯಾರ ಜೊತೆ ಕೆಲಸ ಮಾಡಿದರು ಎಂಬುದು ನನ್ನ ಮಟ್ಟಿಗೆ ಈ ಬದುಕಿನ ಅತ್ಯಂತ ಮುಖ್ಯ ಸಂಗತಿಗಳಲ್ಲೊಂದು. ವೈದ್ಯೆ ನೀಸೆ ಡ ಸಿಲ್ವೇರಾ ಎಡಪಂಥೀಯಳೆಂಬ ಆರೋಪದ ಮೇಲೆ ಮೂವತ್ತರ ದಶಕದಲ್ಲಿ ಸೆರೆಮನೆ ಕಂಡು ಬಂದವರು. 1944ರಲ್ಲಿ ಸರ್ಕಾರಿ ಸೇವೆಗೆ ಮರಳಿದಾಗ ಅವರು ಕಂಡದ್ದು ವಿದ್ಯುತ್ ಆಘಾತ, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವ ಚಿಕಿತ್ಸೆ, ಮೆದುಳಿನ ಶಸ್ತ್ರಕ್ರಿಯೆ. ರೋಗಿಯ ಮೇಲೆ ವಿದ್ಯುತ್ ಹರಿಸುವ ಗುಂಡಿಯನ್ನು ಒತ್ತಲು ಅವರು ನಿರಾಕರಿಸಿದರು. ನಿರಾಕರಿಸಿದವರಿಗೆ ಆಸ್ಪತ್ರೆಯಲ್ಲಿ ಯಾರೂ ಬೆಲೆ ಕೊಡದ ಔದ್ಯೋಗಿಕ ಚಿಕಿತ್ಸೆಯ ವಿಭಾಗ ಸಿಕ್ಕಿತು. 1946ರಿಂದ ಅವರು ಅಲ್ಲಿ ರೋಗಿಗಳ ಕೈಗೆ ಕುಂಚ, ಬಣ್ಣ, ಜೇಡಿಮಣ್ಣು ಕೊಟ್ಟರು. ಆ ರೋಗಿಗಳು ಬರೆದ ಚಿತ್ರಗಳಿಗೆಂದೇ 1952ರಲ್ಲಿ ಒಂದು ವಸ್ತುಸಂಗ್ರಹಾಲಯ ಹುಟ್ಟಿತು.

ಆ ವಿಭಾಗದ ಬಳಗದಲ್ಲಿ ಇವೊನಿ ಇದ್ದರು. ಅಲ್ಲಿ ಸಂಗೀತಕ್ಕೂ ಜಾಗವಿತ್ತು. ವಾದ್ಯಗಳನ್ನು ತರಿಸಿ ರೋಗಿಗಳು ನುಡಿಸುವಂತೆ, ಹಾಡುವಂತೆ ಮಾಡಲಾಯಿತು. ಆದರೆ ನನ್ನನ್ನು ತಡೆದು ನಿಲ್ಲಿಸುವುದು ಅವರ ಇನ್ನೊಂದು ಕೆಲಸ. ಮನೆಯವರು ತಂದು ಬಿಟ್ಟು ಹೋದ, ವರ್ಷಗಟ್ಟಲೆ ಯಾರೂ ನೋಡಲು ಬಾರದ ರೋಗಿಗಳು ಅಲ್ಲಿ ಬಹಳ ಮಂದಿ ಇದ್ದರು. ವಿಳಾಸ ಹಳತಾಗಿರುತ್ತದೆ, ಹೆಸರು ತಪ್ಪಾಗಿರುತ್ತದೆ, ಊರು ಬೇರೆ ರಾಜ್ಯದಲ್ಲಿರುತ್ತದೆ. ಸಮಾಜಸೇವಕಿಯಾದ ಇವೊನಿ ಅಂಥ ಕುಟುಂಬಗಳನ್ನು ಹುಡುಕಿಕೊಂಡು ದೂರದೂರಿಗೆ ಹೋಗುತ್ತಿದ್ದರು, ಸಿಕ್ಕವರ ಮುಂದೆ ಕೂತು ನಿಮ್ಮವರು ಇನ್ನೂ ಇದ್ದಾರೆ, ಬಂದು ನೋಡಿ ಎಂದು ಕೇಳಿಕೊಳ್ಳುತ್ತಿದ್ದರು. ದೂರವಾದವರನ್ನು ಹುಡುಕಿ ಕರೆತರುವುದೇ ಅವರ ದಿನನಿತ್ಯದ ಉದ್ಯೋಗವಾಗಿತ್ತು. ಮುಂದೆ ಅವರ ಅತ್ಯಂತ ಪ್ರಸಿದ್ಧ ಹಾಡಿನ ಬಗ್ಗೆ ಹೇಳುವಾಗ ಈ ಮಾತನ್ನು ಮತ್ತೆ ತೆಗೆಯಬೇಕಾಗುತ್ತದೆ.

ಇದರ ಜೊತೆಗೇ ಸಾಂಬಾದ ಲೋಕವೂ ನಡೆದಿತ್ತು. ರಿಯೊದ ಉತ್ತರ ಭಾಗದ ಮದುರೇರಾ ಪ್ರದೇಶದಲ್ಲಿ ಸೆರಿನ್ಯಾ ಎಂಬ ಗುಡ್ಡವಿದೆ. ಗುಲಾಮರ ತೋಟಗಳಿಂದ ಬಂದ ಜೋಂಗೊ ಎಂಬ ಡೋಲು ಕುಣಿತ ನಗರದೊಳಗೆ ಉಳಿದುಕೊಂಡ ಕೆಲವೇ ತಾಣಗಳಲ್ಲಿ ಅದೂ ಒಂದು. ಅಲ್ಲಿಯ ಸಾಂಬಾ ಶಾಲೆಯ ಹೆಸರು ಪ್ರಝೆರ್ ಡ ಸೆರಿನ್ಯಾ. ಇಲ್ಲಿ ಶಾಲೆ ಎಂದರೆ ಪಾಠಶಾಲೆಯಲ್ಲ. ಒಂದು ಕೇರಿಯ ಜನ ವರ್ಷವಿಡೀ ಸಿದ್ಧತೆ ನಡೆಸಿ, ಒಂದು ಕಥಾವಸ್ತು ಆರಿಸಿ, ಅದಕ್ಕೆ ಹಾಡು ಕಟ್ಟಿ, ವೇಷ ಹೊಲಿದು, ಕಾರ್ನಿವಲ್‌ನಲ್ಲಿ ತೀರ್ಪುಗಾರರ ಮುಂದೆ ಮೆರವಣಿಗೆ ಹೊರಡುವ ಸಂಘಟನೆ ಅದು. ಪ್ರಝೆರ್ ಡ ಸೆರಿನ್ಯಾದ ಯಜಮಾನ ಆಲ್ಫ್ರೆಡೊ ಕೋಸ್ಟಾ, ತಾನು ಹೇಳಿದ್ದೇ ಆಗಬೇಕೆನ್ನುವ ಆಸಾಮಿ. 1946ರ ಮೆರವಣಿಗೆಯಲ್ಲಿ ಎಲ್ಲರೂ ಅಭ್ಯಾಸ ಮಾಡಿದ್ದ ಹಾಡನ್ನು ಕಡೆಗಳಿಗೆಯಲ್ಲಿ ಬದಲಾಯಿಸಿಬಿಟ್ಟರು. ಸಿಟ್ಟಿಗೆದ್ದವರು ಹೊರಬಂದು 1947ರ ಮಾರ್ಚ್ 23ರಂದು ಇಂಪೇರಿಯೊ ಸೆರಾನೊ ಎಂಬ ಹೊಸ ಶಾಲೆ ಕಟ್ಟಿದರು. ಯಾವ ತೀರ್ಮಾನವೂ ಒಬ್ಬನ ಕೈಯಲ್ಲಿರಬಾರದು ಎಂಬುದು ಅವರ ಹಟ. ಬಂದರಿನ ಹಮಾಲರ ಸಂಘದ ಜನರೂ ಅದರಲ್ಲಿದ್ದರು. 1948ರಿಂದ 1951ರವರೆಗೆ ಸತತ ನಾಲ್ಕು ಬಾರಿ ಅದು ಗೆದ್ದಿತು.

ಹೊಸ ಶಾಲೆ ಕಟ್ಟಿದವರಲ್ಲಿ ಆ ಹಕ್ಕಿ ತಂದುಕೊಟ್ಟಿದ್ದ ಫುಲೇರೊ ಇದ್ದರು. ಅದೇ 1947ರಲ್ಲಿ ಇವೊನಿ ಮದುವೆಯಾದದ್ದು ಹಳೆಯ ಶಾಲೆಯ ಯಜಮಾನ ಆಲ್ಫ್ರೆಡೊ ಕೋಸ್ಟಾ ಅವರ ಮಗ ಆಸ್ಕರ್ ಅವರನ್ನು. ಒಂದು ಕಡೆ ಒಡಹುಟ್ಟಿದಂತಿದ್ದ ಬಂಧು, ಇನ್ನೊಂದು ಕಡೆ ಮಾವನ ಮನೆ. ಅವರು ಕೊನೆಗೆ ಇಂಪೇರಿಯೊ ಸೆರಾನೊದ ಹಸಿರು ಬಿಳುಪಿನ ಬಾವುಟದ ಕೆಳಗೇ ನಿಂತರು, ಬದುಕಿಡೀ ಅದನ್ನು ಬಿಡಲಿಲ್ಲ.

ಆದರೆ ಹಾಡು ಕಟ್ಟುವವರ ಬಳಗ ಗಂಡಸರದಾಗಿತ್ತು. ಹೆಂಗಸರು ಅಡುಗೆ ಮಾಡಬಹುದು, ವೇಷ ಹೊಲಿಯಬಹುದು, ಕುಣಿಯಬಹುದು, ಪಲ್ಲವಿಗೆ ದನಿಗೂಡಿಸಬಹುದು. ರಚನೆಕಾರರ ಸಾಲಿನಲ್ಲಿ ಕೂರುವಂತಿಲ್ಲ. ಹಾಗಾಗಿ ಇವೊನಿ ಕಟ್ಟಿದ ಸಾಂಬಾಗಳನ್ನು ಫುಲೇರೊ ತನ್ನವೆಂದು ಹೇಳಿ ಗೋಷ್ಠಿಗಳಲ್ಲಿ ಹಾಡಿ ತೋರಿಸುತ್ತಿದ್ದರು. ಜನ ಫುಲೇರೊರನ್ನು ಹೊಗಳುತ್ತಿದ್ದರು, ಹಾಡಿನ ಒಡತಿ ಅಲ್ಲೇ ಬದಿಯಲ್ಲಿ ನಿಂತು ಕೇಳುತ್ತಿದ್ದರು. ತನ್ನ ಹಾಡು ಇಷ್ಟು ಜನಕ್ಕೆ ಹಿಡಿಸಿತಲ್ಲ ಎಂಬ ಸಂತೋಷವಾಗುತ್ತಿತ್ತು ಎಂದು ಅವರು ಮುಂದೆ ನೆನೆದದ್ದುಂಟು. ಅವರು ಕಹಿಯನ್ನು ಇಟ್ಟುಕೊಳ್ಳಲಿಲ್ಲ ಎಂದ ಮಾತ್ರಕ್ಕೆ ನಾವೂ ಅದನ್ನು ಹಗುರವಾಗಿ ಹೇಳಿ ಮುಂದೆ ಹೋಗಬೇಕಾಗಿಲ್ಲ. ಫುಲೇರೊ ಪ್ರೀತಿಯಿಂದ ಮಾಡಿದ ಉಪಕಾರ ಅದು, ನಿಜ. ಅಂಥ ಉಪಕಾರ ಬೇಕಾದದ್ದೇ ಆ ವ್ಯವಸ್ಥೆಗೆ ಅವಮಾನ.

1965 ರಿಯೊ ನಗರಕ್ಕೆ ನಾನೂರು ತುಂಬಿದ ವರ್ಷ. ಇಂಪೇರಿಯೊ ಸೆರಾನೊ ನಗರದ ಚರಿತ್ರೆಯ ಐದು ನೃತ್ಯಕೂಟಗಳನ್ನು ಕಥಾವಸ್ತುವಾಗಿ ಆರಿಸಿಕೊಂಡಿತ್ತು. ಕೊನೆಯದು 1889ರ ನವೆಂಬರ್‌ನಲ್ಲಿ ಫಿಸ್ಕಲ್ ದ್ವೀಪದಲ್ಲಿ ನಡೆದ ವೈಭವದ ಕೂಟ. ಅದಾಗಿ ಒಂದು ವಾರದೊಳಗೆ ರಾಜಪ್ರಭುತ್ವವೇ ಉರುಳಿತು. ಮೆರವಣಿಗೆಯ ಹಾಡುಗಳಲ್ಲಿ ಸಾಟಿಯಿಲ್ಲದವರೆನಿಸಿಕೊಂಡ ಸಿಲಾಸ್ ಡಿ ಒಲಿವೇರಾ, ಬಕಲ್ಯಾವ್ ಎಂಬ ಗೆಳೆಯನೊಡನೆ ಹಾಡು ಕಟ್ಟಲು ಕೂತವರು ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರಂತೆ. ಅಲ್ಲಿಗೆ ಬಂದ ಇವೊನಿ ರಾಗದ ಮುಂದಿನ ದಾರಿಯನ್ನು ಹಾಡಿ ತೋರಿಸಿದರು, ಹಾಡು ಮುಗಿಯಿತು ಎಂದು ಸಾಂಬಾ ಬಲ್ಲವರು ಇಂದಿಗೂ ಹೇಳುತ್ತಾರೆ. ಈ ಬಾರಿ ಅವರ ಹೆಸರು ಅಡಗಲಿಲ್ಲ. ಆ ವರ್ಷ ಶಾಲೆಗೆ ಎರಡನೆಯ ಸ್ಥಾನ ಬಂತು, ಹಾಡು ಮಾತ್ರ ಉಳಿದುಕೊಂಡಿತು. ಸಾಂಬಾ ಶಾಲೆಗೆ ಹಾಡು ಕಟ್ಟಿದ ಮೊದಲ ಹೆಂಗಸು ಎಂದು ಅವರನ್ನು ಕರೆಯುವವರಿದ್ದಾರೆ. ಅಷ್ಟು ಸಡಿಲವಾಗಿ ಹೇಳುವುದು ಸರಿಯಲ್ಲ. ಉನಿದೋಸ್ ಡ ಪೋಂಟೆ ಎಂಬ ಸಣ್ಣ ಶಾಲೆಯಲ್ಲಿ ಕಾರ್ಮೆಲಿಟಾ ಬ್ರಝಿಲ್ ಅದಕ್ಕೂ ಮೊದಲೇ ಹಾಡು ಕಟ್ಟಿದ್ದರು. ದೊಡ್ಡ ಶಾಲೆಯೊಂದರ ರಚನೆಕಾರರ ಬಳಗಕ್ಕೆ ಸೇರಿದ ಮೊದಲಿಗರು ಇವೊನಿ. ಇಷ್ಟು ಹೇಳಿದರೂ ಅವರ ದೊಡ್ಡತನಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಸಿಲಾಸ್ 1972ರಲ್ಲಿ ಗೆಳೆಯರ ಸಾಂಬಾ ಗೋಷ್ಠಿಯೊಂದರಲ್ಲಿ ಹಾಡುತ್ತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತೈದು. ಅಷ್ಟು ದೊಡ್ಡ ಕವಿ ಬಡತನದಲ್ಲೇ ಹೋದರು. ಇವೊನಿಗೆ ಹೊಸ ಜೊತೆಗಾರರಾಗಿ ಸಿಕ್ಕವರು ಡೆಲ್ಸಿಯೊ ಕರ್ವಾಲ್ಯೊ. ಈ ಜೋಡಿಯ ಕೆಲಸದ ಕ್ರಮ ಬಹುಮಟ್ಟಿಗೆ ಹೀಗಿತ್ತು: ಇವೊನಿ ರಾಗ ಕಟ್ಟುತ್ತಿದ್ದರು, ಡೆಲ್ಸಿಯೊ ಅದಕ್ಕೆ ಮಾತು ಕೂರಿಸುತ್ತಿದ್ದರು. ನಡುವೆ 1970ರ ಒಂದು ಸಂಕಲನ ಆಲ್ಬಮ್‌ನಲ್ಲಿ ಇವೊನಿಯ ದನಿ ಮೊದಲ ಬಾರಿಗೆ ಮುದ್ರಣಗೊಂಡಿತ್ತು. ದೋನಾ ಎಂಬ ಗೌರವದ ಪದ ಅವರ ಹೆಸರಿನ ಹಿಂದೆ ಸೇರಿದ್ದು ಆಗಲೇ. 1975ರಲ್ಲಿ ಪತಿ ಆಸ್ಕರ್ ತೀರಿಕೊಂಡರು. ಎರಡು ವರ್ಷದ ಬಳಿಕ ನಿವೃತ್ತಿ.

1978ರಲ್ಲಿ ಎರಡು ಸಂಗತಿಗಳು ಒಟ್ಟಿಗೇ ಆದವು. ಅವರ ಮೊದಲ ಸ್ವಂತ ಆಲ್ಬಮ್ ಬಂತು. ಅದೇ ವರ್ಷ ಹೆಸರಾಂತ ಗಾಯಕಿ ಮರಿಯಾ ಬೆತಾನಿಯಾ ತಮ್ಮ ‘ಆಲಿಬಿ’ ಆಲ್ಬಮ್‌ನಲ್ಲಿ ಇನ್ನೊಬ್ಬ ಗಾಯಕಿ ಗಾಲ್ ಕೋಸ್ಟಾ ಜೊತೆಗೂಡಿ ಇವೊನಿ ಮತ್ತು ಡೆಲ್ಸಿಯೊ ಅವರ ‘ಸೋನ್ಯೊ ಮೇವ್’, ಅಂದರೆ ‘ನನ್ನ ಕನಸೇ’, ಹಾಡಿದರು. ಆ ಆಲ್ಬಮ್ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಹಾಡು ತನ್ನ ಕನಸನ್ನೇ ಎರಡು ಸಲ ಕರೆಯುತ್ತದೆ, ಹೋಗು, ದೂರದಲ್ಲಿರುವವರನ್ನು ಹುಡುಕಿಕೊಂಡು ಬಾ ಎನ್ನುತ್ತದೆ. ಆಗ ಬ್ರೆಜಿಲ್‌ನಲ್ಲಿ ಸೇನಾ ಸರ್ಕಾರವಿತ್ತು, ಎಷ್ಟೋ ಜನ ದೇಶಭ್ರಷ್ಟರಾಗಿ ಹೊರಗಿದ್ದರು, ಅವರಿಗೆ ಮರಳಲು ದಾರಿ ತೆರೆದ ಕ್ಷಮಾದಾನದ ಕಾನೂನು ಬಂದದ್ದು 1979ರ ಆಗಸ್ಟ್‌ನಲ್ಲಿ. ಕೇಳುಗರಲ್ಲಿ ಹಲವರು ಈ ಹಾಡಿನಲ್ಲಿ ಆ ದೂರವಾದವರನ್ನೇ ಕಂಡುಕೊಂಡರು. ನನಗೆ ಮಾತ್ರ ಈ ಹಾಡು ಕೇಳಿದಾಗಲೆಲ್ಲ ಹಳೆಯ ವಿಳಾಸವೊಂದನ್ನು ಹಿಡಿದು ಬಸ್ಸಿನಲ್ಲಿ ಕೂತ ಸಮಾಜಸೇವಕಿಯೇ ಕಣ್ಣಮುಂದೆ ಬರುತ್ತಾರೆ. ಮಾತುಗಳಲ್ಲಿ ಡೆಲ್ಸಿಯೊ ಅವರ ಕೈ ಇದೆ, ಆದ್ದರಿಂದ ಇದನ್ನು ಸಾಬೀತುಪಡಿಸಲು ನಾನು ಹೊರಡುವುದಿಲ್ಲ. ಆದರೆ ಆ ರಾಗದಲ್ಲಿರುವುದು ಗೋಳಾಟವಲ್ಲ, ಹುಡುಕಾಟದ ನಿಧಾನ. ಅದು ಇವೊನಿಯವರದೇ.

ಅವರ ಕಂಠದ ಬಗ್ಗೆಯೂ ಎರಡು ಮಾತು ಹೇಳಬೇಕು. ಮಾತು ಮುಗಿದ ಮೇಲೆ, ಕೆಲವೊಮ್ಮೆ ಬೇರೆಯವರು ಪಲ್ಲವಿ ಹಾಡುತ್ತಿರುವಾಗಲೇ, ಅವರು ಅರ್ಥವಿಲ್ಲದ ಲರಾಯಾ ಲರಾಯಾ ಅಕ್ಷರಗಳಲ್ಲಿ ಮತ್ತೊಂದು ರಾಗವನ್ನು ಹೆಣೆಯುತ್ತಿದ್ದರು. ನಮ್ಮ ಆಲಾಪನೆಯಂತೆ ಒಂದೇ ದನಿ ಏಕಾಂತದಲ್ಲಿ ರಾಗವನ್ನು ಬಿಡಿಸುವ ಕ್ರಮವಲ್ಲ ಇದು. ಜೊತೆಯವರು ಹಾಡುತ್ತಲೇ ಇರುತ್ತಾರೆ, ತಾಳ ಓಡುತ್ತಲೇ ಇರುತ್ತದೆ, ಅವರು ಆ ದನಿಗಳ ಸಂದಿಯಲ್ಲಿ ನುಸುಳಿ, ಸ್ವಲ್ಪ ಹಿಂದುಳಿದು, ಸ್ವರವೊಂದನ್ನು ನಿರೀಕ್ಷಿಸಿದ್ದಕ್ಕಿಂತ ಅರೆಗಳಿಗೆ ಹೆಚ್ಚು ಹಿಡಿದು ಮತ್ತೆ ಗುಂಪಿಗೆ ಸೇರಿಕೊಳ್ಳುತ್ತಾರೆ. ವೃಂದಗಾನದಲ್ಲಿ ಪಕ್ಕದವರ ದನಿಗೆ ಕಿವಿಗೊಟ್ಟ ಹುಡುಗಿಯೂ, ಮಾತು ನಿಲ್ಲಿಸಿದ ರೋಗಿಯ ಮುಂದೆ ತಾಳ್ಮೆಯಿಂದ ಕೂತ ನರ್ಸೂ ಅಲ್ಲಿ ಒಟ್ಟಿಗೇ ಇದ್ದಾರೆ. 1981ರ ‘ಸೊಹೀಜೊ ನೆಗ್ರೊ’ ಆಲ್ಬಮ್‌ನಲ್ಲಿ ಇದನ್ನು ಚೆನ್ನಾಗಿ ಕೇಳಬಹುದು. ಅದರ ಶೀರ್ಷಿಕೆ ಗೀತೆ ಬೇರೆಯವರದು. ಆದರೂ ಕರಿಯರ ನಗುವನ್ನೂ ನೋವನ್ನೂ ಹೇಳುವ ಆ ಹಾಡು ಇವೊನಿಯ ಕಂಠದಿಂದಲೇ ಜನರದಾಯಿತು.

ಪೂರ್ತಿ ಅವರದೇ ಆದ, ಮಾತೂ ರಾಗವೂ ಅವರದೇ ಆದ ಒಂದು ಹಾಡಿದೆ: ‘ಅಲ್ಗೇಮ್ ಮಿ ಅವಿಝೋವ್’. ದೂರದಿಂದ ಬಂದವಳು ನಾನು, ಈ ನೆಲದ ಮೇಲೆ ಮೆಲ್ಲಗೆ ಹೆಜ್ಜೆಯಿಡು ಎಂದು ಯಾರೋ ನನಗೆ ಎಚ್ಚರಿಸಿದ್ದರು ಎನ್ನುವುದು ಅದರ ತಿರುಳು. ಬೆತಾನಿಯಾ ಇದನ್ನು ಗಾಯಕರಾದ ಕೇಟಾನೊ ವೆಲೋಸೊ ಮತ್ತು ಜಿಲ್ಬೆರ್ಟೊ ಜಿಲ್ ಅವರೊಂದಿಗೆ 1980ರಲ್ಲಿ ಹಾಡಿದರು. ಇದನ್ನು ವಿನಯದ ಹಾಡೆಂದು ಕೇಳುವವರಿದ್ದಾರೆ. ನನಗೆ ಇದು ಬುದ್ಧಿವಂತಿಕೆಯ ಹಾಡು. ಬಾಗಿಲು ತೆಗೆಯದ ಮನೆಯ ಮುಂದೆ ಕೂಗಾಡದೆ, ಆದರೆ ಅಲ್ಲಿಂದ ಕದಲದೆ ನಿಂತು, ಕೊನೆಗೆ ಒಳಗಿನವರೇ ಬಂದು ಕರೆಯುವಂತೆ ಮಾಡಿದವರ ಹೆಮ್ಮೆ ಅದರ ಕುಣಿತದಲ್ಲಿದೆ.

ಮುಂದಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಎಲ್ಲರಿಗೂ ಗೊತ್ತಿರುವ ಗೌರವದ ವರ್ಷಗಳು. ಜೋರ್ಜ್ ಅರಗಾವ್ ಅವರಂಥ ಕಿರಿಯರು ಜೊತೆಗೂಡಿ ಹಾಡು ಕಟ್ಟಿದರು, ಹೊರದೇಶಗಳ ವೇದಿಕೆಗಳು ಕರೆದವು, 2010ರಲ್ಲಿ ಬ್ರೆಜಿಲ್‌ನ ದೊಡ್ಡ ಸಂಗೀತ ಪ್ರಶಸ್ತಿ ಸಮಾರಂಭವೊಂದು ಇಡಿಯಾಗಿ ಅವರ ಗೌರವಾರ್ಥವಾಗಿ ನಡೆಯಿತು. 2012ರ ಕಾರ್ನಿವಲ್‌ನಲ್ಲಿ ಇಂಪೇರಿಯೊ ಸೆರಾನೊ ಅವರ ಬದುಕನ್ನೇ ಕಥಾವಸ್ತು ಮಾಡಿಕೊಂಡಿತು. ಒಂದು ಕಾಲಕ್ಕೆ ಹೆಸರು ಮರೆಸಿಕೊಂಡು ಹಾಡು ಕೊಡಬೇಕಾಗಿದ್ದ ಶಾಲೆಯ ಮೆರವಣಿಗೆಯಲ್ಲಿ ಸಾವಿರಾರು ಜನ ಅವರ ಹೆಸರನ್ನೇ ಹಾಡುತ್ತ ನಡೆದರು. 2018ರ ಏಪ್ರಿಲ್ 16ರಂದು, ಹುಟ್ಟುಹಬ್ಬದ ಮೂರು ದಿನಗಳ ನಂತರ, ಅವರು ತೀರಿಕೊಂಡರು. ಅಂತಿಮ ದರ್ಶನಕ್ಕೆ ಅವರನ್ನು ಇಟ್ಟದ್ದು ಮದುರೇರಾದಲ್ಲಿ, ಅದೇ ಶಾಲೆಯ ಅಂಗಳದಲ್ಲಿ.

ಅವರು ದುಡಿದ ಆಸ್ಪತ್ರೆಗೆ ಈಗ ನೀಸೆ ಡ ಸಿಲ್ವೇರಾ ಅವರ ಹೆಸರಿದೆ. 2001ರಿಂದ ಅಲ್ಲಿಂದ ಪ್ರತಿ ವರ್ಷ ಕಾರ್ನಿವಲ್ ಸಮಯದಲ್ಲಿ ‘ಲೋಕೂರಾ ಸುಬುರ್ಬಾನಾ’ ಎಂಬ ತಂಡ ಬೀದಿಗಿಳಿಯುತ್ತದೆ. ಚಿಕಿತ್ಸೆ ಪಡೆಯುತ್ತಿರುವವರು, ಅವರ ಮನೆಯವರು, ಸಿಬ್ಬಂದಿ, ಬಡಾವಣೆಯ ನೆರೆಹೊರೆಯವರು ಎಲ್ಲರೂ ಸೇರಿ ತಾವೇ ಕಟ್ಟಿದ ಸಾಂಬಾ ಹಾಡುತ್ತ ಎಂಜೆನ್ಯೊ ಡಿ ದೆಂತ್ರೊದ ರಸ್ತೆಗಳಲ್ಲಿ ಕುಣಿಯುತ್ತಾರೆ. ಅಲ್ಲಿಯ ನರ್ಸುಗಳು ಆ ದಿನ ಸಾಂಬಾ ಹಾಡಲು ರಜೆ ಹಾಕಬೇಕಾಗಿಲ್ಲ.